ಗೋಡೆಯ ಮೇಲಿನ ಹೆಸರು

ಮೊನ್ನೆ ಮಗಳನ್ನು ಕರೆದುಕೊಂಡು ಮಧುಗಿರಿ ಬೆಟ್ಟ ಹತ್ತಿದೆ. 3,930 ಅಡಿ ಎತ್ತರದ ಏಕಶಿಲೆ. ಏದುಸಿರು ಬಿಡುತ್ತಾ ಕೋಟೆಗೋಡೆಯ ನೆರಳಲ್ಲಿ ಕೂತಿದ್ದಾಗ ಅವಳು ಕೇಳಿದಳು, "ಅಪ್ಪಾ, ಇಲ್ಲಿರೋದು ನಿನ್ನ ಹೆಸ್ರಲ್ವಾ?"

ನನ್ನದೇ. ಹೈಸ್ಕೂಲಿನಲ್ಲಿದ್ದಾಗ ಬಡವನಹಳ್ಳಿಯಿಂದ ಗೆಳೆಯರ ಜೊತೆ ಬಂದು, ಗಾರೆಯ ಮೇಲೆ ಮೊಳೆಯಿಂದ ಗೀಚಿದ್ದೆ. ಆವತ್ತು ಅದೊಂದು ಸಾಹಸ. ಈಗ ಸಂರಕ್ಷಿತ ಸ್ಮಾರಕವನ್ನು ಕೆಡಿಸಿದರೆ ಎರಡು ವರ್ಷದವರೆಗೆ ಜೈಲು, ಒಂದು ಲಕ್ಷದವರೆಗೆ ದಂಡ ಅನ್ನುತ್ತದೆ 2010ರ ತಿದ್ದುಪಡಿ. ಆದರೆ ನನಗೆ ಕಾನೂನಿಗಿಂತ ಮಗಳ ನೋಟವೇ ಹೆಚ್ಚು ಚುಚ್ಚಿತು.

ವಾಪಸ್ಸು ಬರುವಾಗ ಬಡವನಹಳ್ಳಿಯಲ್ಲಿ ಟೀ ಕುಡಿಯುತ್ತಾ ಹಳೇ ಗೆಳೆಯನಿಗೆ ಹೇಳಿದೆ. ಅವನು ನಕ್ಕ. "ರಾಜ ಕೆತ್ತಿಸಿದ್ರೆ ಶಾಸನ, ನೀನು ಕೆತ್ತಿದ್ರೆ ತಪ್ಪಾ? ಇನ್ನೊಂದು ಸಾವಿರ ವರ್ಷ ತಡಿ, ನಿಂದೂ ಶಾಸನಾನೇ ಬಿಡು!"

ಮಾತು ತಮಾಷೆಯದ್ದೇ, ಆದರೆ ರಾತ್ರಿಯಿಡೀ ಕೊರೆಯಿತು. ಬರೀ ಹಳತಾದರೆ ಗೀಚಿದ್ದೂ ಇತಿಹಾಸವಾಗಿಬಿಡುತ್ತದಾ?

ಆಗ ನೆನಪಾದವನು ಚಪಡ. ಪಕ್ಕದ ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯಲ್ಲಿ, ಕ್ರಿಸ್ತಪೂರ್ವ 3ನೇ ಶತಮಾನದ ಅಶೋಕನ ಶಾಸನವನ್ನು ಬರೆದ ಲಿಪಿಕಾರ. ತಂದೆತಾಯಿಯ ಮಾತು ಕೇಳಿ, ಜೀವಿಗಳಲ್ಲಿ ದಯೆಯಿರಲಿ, ಸತ್ಯ ನುಡಿಯಿರಿ ಎಂಬ ಮಾತುಗಳನ್ನೆಲ್ಲ ಬ್ರಾಹ್ಮಿಯಲ್ಲಿ ಬರೆದು, ಕೊನೆಯಲ್ಲಿ ತನ್ನ ಹೆಸರನ್ನೂ ಹಾಕಿದ. ಲಿಪಿಕಾರ ಅನ್ನೋದನ್ನು ಮಾತ್ರ ಖರೋಷ್ಠಿ ಲಿಪಿಯಲ್ಲಿ ಬರೆದ. ಅವನಿಗೂ ಹೆಸರು ಉಳಿಸಿಕೊಳ್ಳುವ ಆಸೆ ಇತ್ತು ನೋಡಿ! ನನ್ನದೂ ಅದೇ ಆಸೆ.

ವ್ಯತ್ಯಾಸ ಇಷ್ಟೇ: ಚಪಡ ತಾನು ಮಾಡಿದ ಕೆಲಸದ ಕೆಳಗೆ ಹೆಸರು ಬರೆದ. ನಾನು ಬೇರೆಯವರ ಕೆಲಸದ ಮೇಲೆ ಬರೆದೆ. ಆ ಕಡಿದಾದ ಬಂಡೆಯ ಮೇಲೆ ಕಲ್ಲು ಹೊತ್ತು, ಗಾರೆ ಅರೆದು ಗೋಡೆ ಎಬ್ಬಿಸಿದವರ ಒಂದು ಹೆಸರೂ ನನಗೆ ಗೊತ್ತಿಲ್ಲ. ಅವರು ಬಿಟ್ಟುಹೋಗಿದ್ದು ಆ ನುಣುಪು ಗಾರೆಯನ್ನಷ್ಟೇ. ನಾನು ಮೊಳೆ ಆಡಿಸಿದ್ದು ಅದರ ಮೇಲೆಯೇ. ಸಾವಿರ ವರ್ಷ ಕಳೆದರೆ ನನ್ನ ಗೀಚು ಹಳತಾಗಬಹುದು, ನನ್ನದಂತೂ ಆಗೋದಿಲ್ಲ.

"ಉಜ್ಜಿ ಅಳಿಸಿಬಿಡೋಣ್ವಾ ಅಪ್ಪಾ?" ಅಂದಿದ್ದಳು ಮಗಳು. ಬೇಡವೆಂದೆ. ಉಜ್ಜಿದರೆ ಇನ್ನಷ್ಟು ಗಾರೆ ಉದುರುತ್ತದೆ. ಕೆಲವು ತಪ್ಪುಗಳನ್ನು ಅಳಿಸಲು ಹೋದರೆ ಎರಡನೇ ತಪ್ಪಾಗುತ್ತದೆ. ಅದು ಅಲ್ಲೇ ಇರಲಿ. ಮುಂದೆ ಯಾರಾದರೂ ಕೇಳಿದರೆ, ಹೌದು, ನನ್ನದೇ ಅನ್ನುವಷ್ಟಾದರೂ ಸತ್ಯ ನುಡಿಯುತ್ತೇನೆ.