ಅನುಜ್ಞೆಯೂ ವಿಧಿಯೂ

ಮಾಡತಕ್ಕುದೆಂದು ಆಜ್ಞಾಪಿಸುವುದು ವಿಧಿ. ಕೂಡದೆಂದು ತಡೆಯುವುದು ನಿಷೇಧ. ಬೇಕಾದವರು ಮಾಡಬಹುದೆಂದು ಒಪ್ಪುವುದು ಅನುಜ್ಞೆ. ಶಾಸ್ತ್ರಕಾರರ ಈ ವಿವೇಚನೆಯು ರಾಜ್ಯಾಡಳಿತಕ್ಕೂ ಉಪಯುಕ್ತವಾದುದೇ ಸರಿ. ಸಂತಾನದ ವಿಷಯದಲ್ಲಿ ಸರ್ಕಾರವು ಈ ಮೂರರಲ್ಲಿ ಯಾವ ಮಾತನ್ನಾಡತಕ್ಕುದೆಂಬುದು ವಿಚಾರಣೀಯವಾದ ಪ್ರಶ್ನೆ.

ಮೈಸೂರು ಸಂಸ್ಥಾನದ ಚರಿತ್ರೆಯು ಇದಕ್ಕೆ ಒಳ್ಳೆಯ ನಿದರ್ಶನ. 1930ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರವರ ಸರ್ಕಾರವು ಮುಖ್ಯ ಆಸ್ಪತ್ರೆಗಳಲ್ಲಿ ಸಂತಾನನಿಯಂತ್ರಣದ ಚಿಕಿತ್ಸಾಲಯಗಳನ್ನು ತೆರೆಯಲು ಅಪ್ಪಣೆಯಿತ್ತಿತು. ಭರತಖಂಡದಲ್ಲಿ ಸರ್ಕಾರವೊಂದು ಈ ಕಾರ್ಯಕ್ಕೆ ಕೈಹಾಕಿದುದು ಅದೇ ಮೊದಲು. ಅದಕ್ಕೆ ಮುನ್ನ 1921ರಲ್ಲಿ ಮುಂಬಯಿಯ ಗಣಿತಾಧ್ಯಾಪಕ ರಘುನಾಥ ಧೋಂಡೋ ಕರ್ವೆಯವರು ಸ್ವಂತ ಬಲದಿಂದಲೇ ಇದನ್ನು ಆರಂಭಿಸಿ, ಆ ನಿಮಿತ್ತವಾಗಿ ಉದ್ಯೋಗವನ್ನೇ ತೊರೆಯಬೇಕಾಯಿತು. 1932ರಲ್ಲಿ ಅಖಿಲ ಭಾರತ ಮಹಿಳಾ ಪರಿಷತ್ತು ಇದರ ಪರವಾಗಿ ನಿರ್ಣಯ ಮಾಡಿತು. 1935ರ ಡಿಸೆಂಬರಿನಲ್ಲಿ ಅಮೆರಿಕದ ಮಾರ್ಗರೆಟ್ ಸ್ಯಾಂಗರ್ ವಾರ್ಧಾಕ್ಕೆ ಬಂದು ವಾದಿಸಿದಾಗ್ಯೂ ಗಾಂಧೀಜಿಯವರು ಕೃತಕ ಸಾಧನಗಳಿಗೆ ಒಪ್ಪದೆ ಸಂಯಮವನ್ನೇ ಎತ್ತಿಹಿಡಿದರು.

ಮೈಸೂರಿನ ಅಪ್ಪಣೆಯು ಅನುಜ್ಞಾರೂಪವಾದುದು. ಬಾಗಿಲು ತೆರೆಯಿತು, ಒಳಗೆ ಬರುವುದೂ ಬಿಡುವುದೂ ಜನರ ಇಚ್ಛೆ. ಆದರೆ ಆ ಕಾಲದ ಪ್ರತಿಪಾದಕರಲ್ಲಿ ಅನೇಕರು ತಾಯಿಯ ಹಿತಕ್ಕಿಂತಲೂ ಜನಸಂಖ್ಯೆಯನ್ನೂ ವಂಶೋತ್ಕರ್ಷವನ್ನೂ ಮುಂದಿಟ್ಟರು. ಅನುಜ್ಞೆಗೆ ಸಂಖ್ಯೆಯೇ ಕಾರಣವಾದರೆ ಅದು ವಿಧಿಯಾಗಿ ಮಾರ್ಪಡಲು ಬಹುಕಾಲ ಬೇಕಿಲ್ಲ. ತುರ್ತುಪರಿಸ್ಥಿತಿಯ ದಿನಗಳಲ್ಲಿ, 1976–77ರ ಒಂದೇ ವರ್ಷದಲ್ಲಿ, ದೇಶದಲ್ಲಿ 80 ಲಕ್ಷಕ್ಕೂ ಮಿಕ್ಕಿ ಸಂತಾನಹರಣ ಶಸ್ತ್ರಚಿಕಿತ್ಸೆಗಳು ನಡೆದುವು. ಎಷ್ಟೋ ಬಡವರ ಪಾಲಿಗೆ ಅದು ಬಲಾತ್ಕಾರವೇ ಆಯಿತು. ಇತ್ತ 1971ರ ಗರ್ಭಪಾತದ ಕಾನೂನು ನಿಷೇಧವನ್ನು ಸಡಿಲಿಸಿತಾದರೂ, ನಿರ್ಣಯವನ್ನು ವೈದ್ಯರ ಅಭಿಪ್ರಾಯಕ್ಕೆ ಒಪ್ಪಿಸಿತು. ಹೆರುವುದೋ ಬಿಡುವುದೋ ಎಂಬ ಆಯ್ಕೆಯು ಸ್ತ್ರೀಯ ವ್ಯಕ್ತಿಸ್ವಾತಂತ್ರ್ಯದ ಅಂಗವೆಂದು ಸರ್ವೋಚ್ಚ ನ್ಯಾಯಾಲಯವು ಸಾರಿದುದು 2009ರಲ್ಲಿ.

ಜನಸಂಖ್ಯೆಯ ಭಾರವು ನಿಜವಲ್ಲವೇ, ರಾಜ್ಯವು ಸುಮ್ಮನಿರಬಹುದೇ ಎಂದು ಆಕ್ಷೇಪಿಸುವವರುಂಟು. ಸುಮ್ಮನಿರತಕ್ಕುದಲ್ಲ. ಜ್ಞಾನ, ಔಷಧ, ಶುಚಿಯಾದ ಆಸ್ಪತ್ರೆ ಇವನ್ನು ಒದಗಿಸುವುದು ರಾಜ್ಯಕ್ಕೆ ವಿಧಿಯೇ. ಅವನ್ನು ಉಪಯೋಗಿಸುವುದು ಪ್ರಜೆಗೆ ಮಾತ್ರ ಅನುಜ್ಞೆಯಾಗಿರಬೇಕು. ಕರ್ಣಾಟಕದಲ್ಲಿ 2019–21ರ ರಾಷ್ಟ್ರೀಯ ಸಮೀಕ್ಷೆಯಂತೆ ಒಬ್ಬ ಸ್ತ್ರೀಗೆ ಸರಾಸರಿ 1.7 ಮಕ್ಕಳು. ಅಂದು ಸಂಖ್ಯೆ ಹೆಚ್ಚಿತೆಂದು ಸಾಕೆಂದ ರಾಜ್ಯವು ನಾಳೆ ಸಂಖ್ಯೆ ಕುಗ್ಗಿತೆಂದು ಹೆರಿರೆಂದು ಆಜ್ಞಾಪಿಸಿದರೆ, ಆಜ್ಞೆಯ ಮುಖ ತಿರುಗೀತೇ ಹೊರತು ಅದರ ಅಧರ್ಮವು ಕಳೆಯದು. ಹೊರುವ ಒಡಲು ಯಾರದೋ, ಒಪ್ಪಿಗೆಯೂ ಅವರದೇ.