ಕಪ್ಪು ದೇವರ ಋತು

ಪೂರ್ವ ಆಫ್ರಿಕದ ವನ್ಯಮೃಗಗಳನ್ನು ನೋಡಲು ಯಾವ ಕಾಲ ಉತ್ತಮವೆಂದು ಕೇಳಿದರೆ ಪ್ರವಾಸಿ ಕೈಪಿಡಿಗಳು ಬಹುಮಟ್ಟಿಗೆ ಜೂನ್‌ನಿಂದ ಅಕ್ಟೋಬರ್‌ವರೆಗಿನ ಒಣಗಾಲವನ್ನೇ ಹೆಸರಿಸುತ್ತವೆ. ಏಕೆಂದರೆ ಆಗ ಹುಲ್ಲು ಬಾಡಿ, ಪೊದೆಗಳ ಎಲೆ ಉದುರಿ, ಉಳಿದಿರುವ ಕೆಲವೇ ನೀರಿನ ತಾಣಗಳಿಗೆ ಆನೆ, ಜೀಬ್ರಾ, ಸಿಂಹಗಳೆಲ್ಲ ಬಂದೇ ತೀರಬೇಕಾಗುತ್ತದೆ. ಮೃಗಗಳ ಬಾಯಾರಿಕೆಯೇ ನೋಡುವವರ ಸೌಕರ್ಯವಾಗುವ ಈ ಲೆಕ್ಕಾಚಾರದಲ್ಲಿ, ಒಳ್ಳೆಯ ಕಾಲವೆಂದರೆ ಯಾರಿಗೆ ಒಳ್ಳೆಯದು ಎಂಬ ತಾತ್ತ್ವಿಕ ಪ್ರಶ್ನೆ ಅಡಗಿದೆ. ಮುಹೂರ್ತಶಾಸ್ತ್ರವೂ ಗಳಿಗೆಯೊಂದನ್ನು ಅದರಷ್ಟಕ್ಕೇ ಶುಭವೆನ್ನದೆ, ಮಾಡುವ ಕಾರ್ಯವನ್ನೂ ಕರ್ತೃವಿನ ಜನ್ಮನಕ್ಷತ್ರವನ್ನೂ ನೋಡಿಯೇ ನಿರ್ಣಯಿಸುತ್ತದೆ.

ಕೀನ್ಯ ಮತ್ತು ಟಾಂಜಾನಿಯಗಳ ಗಡಿಯ ಎರಡೂ ಬದಿಯಲ್ಲಿ ದನ ಮೇಯಿಸಿ ಬಾಳುವ ಮಾಸಾಯಿ ಜನರ ಧರ್ಮದಲ್ಲಿ ಈ ಪ್ರಶ್ನೆಗೆ ಸ್ಪಷ್ಟವಾದ ಉತ್ತರವಿದೆ. ಅವರ ದೇವರ ಹೆಸರಾದ ‘ಎಂಕಾಯ್’ ಎಂಬ ಸ್ತ್ರೀಲಿಂಗ ಪದಕ್ಕೆ ಮಳೆಯೆಂಬ ಅರ್ಥವೂ ಉಂಟು. ಮಳೆ, ಹುಲ್ಲುಗಳನ್ನು ಕರುಣಿಸುವ ರೂಪ ‘ಎಂಕಾಯ್ ನರೋಕ್’, ಅಂದರೆ ಕಪ್ಪು ದೇವರು. ಬರವನ್ನೂ ಸಿಡಿಲನ್ನೂ ತರುವ ರೂಪ ‘ಎಂಕಾಯ್ ನನ್ಯೋಕಿಯೆ’, ಅಂದರೆ ಕೆಂಪು ದೇವರು. ಮಾಸಾಯಿಗಳನ್ನು ಕುರಿತು ಎ.ಸಿ. ಹಾಲಿಸ್ 1905ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ದಾಖಲಾಗಿರುವ ಕಥೆಯಂತೆ, ನೆತ್ತಿಯ ಮೇಲೆಯೇ ಸಿಡಿದಂತೆ ಕೇಳುವ ಗುಡುಗು ಮನುಷ್ಯರನ್ನು ಕೊಲ್ಲಲು ಇಳಿಯಹೊರಟ ಕೆಂಪು ದೇವರ ಆರ್ಭಟವಾದರೆ, ದೂರದಲ್ಲಿ ಮೆಲ್ಲನೆ ಮೊಳಗುವುದು ಅದನ್ನು ತಡೆಯುವ ಕಪ್ಪು ದೇವರ ದನಿ. ಕಪ್ಪನ್ನೂ ಮಳೆಗಾಲವನ್ನೂ ‘ಕಾರ್’ ಎಂಬ ಒಂದೇ ಪದದಿಂದ ಸೂಚಿಸುವ ಕನ್ನಡಕ್ಕೆ ಈ ಕಲ್ಪನೆ ಪರಕೀಯವೆನಿಸದು. ಹೀಗೆ ನೋಡಿದರೆ, ಪ್ರವಾಸಿಯ ಅತ್ಯುತ್ತಮ ಋತು ಕೆಂಪು ದೇವರ ಕಡೆಗೆ ಸೇರಿದ್ದು.

ಒಣಗಾಲದಲ್ಲಿ ಹೋಗುವುದೇ ತಪ್ಪೆಂದು ಇದರಿಂದ ಸಾಧಿತವಾಗುವುದಿಲ್ಲ, ಏಕೆಂದರೆ ಬಾಯಾರಿಕೆಯನ್ನು ತಂದದ್ದು ನೋಡುವವರಲ್ಲ. ಆದರೆ ಮಾರಾ ನದಿಯ ದಡದಲ್ಲಿ ಸಾಲುಗಟ್ಟಿದ ವಾಹನಗಳು ಅದನ್ನು ದಾಟಲು ಬಂದ ಮೃಗಗಳ ಹಿಂಡಿನ ದಾರಿಗೇ ಅಡ್ಡವಾದಾಗ ನೋಟವೂ ಹಿಂಸೆಯಾಗುತ್ತದೆ. ಮಳೆಯ ಪಕ್ಷವೂ ಸಾವಿನಿಂದ ಮುಕ್ತವಲ್ಲ. ಮಾಸಾಯಿಗಳು ‘ದೇವರ ಬೆಟ್ಟ’ವೆನ್ನುವ ಓಲ್ ಡೊಯಿನ್ಯೊ ಲೆಂಗಾಯ್ ಮೊದಲಾದ ಜ್ವಾಲಾಮುಖಿಗಳ ಬೂದಿಯಿಂದ ಫಲವತ್ತಾಗಿ, ಮಳೆಗೆ ಹಸಿರಾಗುವ ದಕ್ಷಿಣ ಸೆರೆಂಗೆಟಿಯ ಬಯಲಿನಲ್ಲಿ, ಮುಖ್ಯವಾಗಿ ಫೆಬ್ರವರಿಯಲ್ಲಿ, ವೈಲ್ಡ್‌ಬೀಸ್ಟ್ ಎಂಬ ದನದ ಮೋರೆಯ ಹುಲ್ಲೆಗಳು ಕೆಲವೇ ವಾರಗಳೊಳಗೆ ಲಕ್ಷಗಟ್ಟಲೆ ಮರಿ ಹಾಕುತ್ತವೆ. ಮೈಯ ತೇವ ಆರುವ ಮುನ್ನವೇ ಮರಿ ಮುಂಗಾಲು ಮಡಿಚಿ ಮುಗ್ಗರಿಸಿ, ಮತ್ತೆ ಎದ್ದು, ಕೆಲವೇ ನಿಮಿಷಗಳಲ್ಲಿ ತಾಯಿಯ ಹಿಂದೆ ಹೆಜ್ಜೆ ಹಾಕುತ್ತದೆ. ಹೆಜ್ಜೆ ಹಾಕಲಾಗದ ಮರಿಯನ್ನು ಕತ್ತೆಕಿರುಬ ಒಯ್ಯುತ್ತದೆ. ಆದರೂ ಇಲ್ಲಿ ನೋಡುವವರ ಭಾಗ್ಯವೂ ನೋಡಲ್ಪಡುವ ಜೀವದ ಭಾಗ್ಯವೂ ಒಂದೇ ಹಸಿರಿನ ಮೇಲೆ ನಿಂತಿರುವುದರಿಂದ, ಉತ್ತಮವೆಂಬ ವಿಶೇಷಣ ಈ ತಿಂಗಳಿಗೇ ಹೆಚ್ಚು ಸಲ್ಲುತ್ತದೆ.

ಏಪ್ರಿಲ್, ಮೇ ತಿಂಗಳ ದೀರ್ಘ ಮಳೆಯ ಮಾತು ಬೇರೆ. ಆಗ ಎರೆಮಣ್ಣಿನ ದಾರಿಗಳಲ್ಲಿ ಚಕ್ರಗಳು ಹೂತುಹೋಗಿ, ಹಲವು ಶಿಬಿರಗಳು ಬಾಗಿಲು ಹಾಕುತ್ತವೆ. ಎಲ್ಲೆಡೆ ನೀರು ನಿಂತಿರುವುದರಿಂದ ಮೃಗಗಳು ಬೇಕಾದತ್ತ ಚದುರಿ, ಎತ್ತರಕ್ಕೆ ಬೆಳೆದ ಹುಲ್ಲಿನೊಳಗೆ ಕಣ್ಣಿಗೆ ಬೀಳದೆ ಮೇಯುತ್ತವೆ.