ನಾಲ್ವರೆದುರಿನ ಸಂಯಮ

ಹೋದ ವರ್ಷ ಜೂನ್ ತಿಂಗಳಲ್ಲಿ ನಮ್ಮ ಕಾಲೇಜಿನ ಅಧ್ಯಾಪಕರ ಕೊಠಡಿಯಲ್ಲಿ ಒಂದು ಕೂಟ ಹುಟ್ಟಿಕೊಂಡಿತು. ಸಾಹಿತ್ಯದ ಕೂಟವಲ್ಲ, ಮೈ ಇಳಿಸುವ ಕೂಟ. ರಕ್ತಪರೀಕ್ಷೆಯ ಕಾಗದ ನೋಡಿದ ವೈದ್ಯರು, 88 ಕಿಲೋ ನಿಮ್ಮ ಎತ್ತರಕ್ಕೆ ಅತಿಯಾಯಿತು ಎಂದಿದ್ದರು. ಒಬ್ಬನೇ ಪಥ್ಯ ಹಿಡಿಯುವ ಧೈರ್ಯ ಸಾಲದೆ ನಾಲ್ವರನ್ನು ಜೊತೆಗೆ ಎಳೆದುಕೊಂಡೆ. ಸೋಮವಾರ ಬೆಳಗ್ಗೆ ವ್ಯಾಯಾಮ ವಿಭಾಗದ ಯಂತ್ರದ ಮೇಲೆ ಎಲ್ಲರೂ ನಿಲ್ಲುವುದು, ತೂಕವನ್ನು ಗೋಡೆಯ ಪಟ್ಟಿಯಲ್ಲಿ ಬರೆಯುವುದು, ಎಲ್ಲರಿಗಿಂತ ಕಡಿಮೆ ಇಳಿದವರು ಉಳಿದವರಿಗೆ ಸಕ್ಕರೆಯಿಲ್ಲದ ಕಾಫಿ ಕೊಡಿಸುವುದು: ಇವು ನಾನೇ ಮಾಡಿದ ನಿಯಮಗಳು.

ನಿವೃತ್ತರಾದ ನಮ್ಮ ಹಿರಿಯರೊಬ್ಬರು ಒಮ್ಮೆ ಬಂದು ಪಟ್ಟಿಯನ್ನು ನೋಡಿ ನಕ್ಕರು. “ಅಲ್ಲಯ್ಯಾ, ಕಾವಲುಗಾರ ಇದ್ದಾನೆಂದು ಕದಿಯದವನನ್ನು ಸಜ್ಜನ ಎನ್ನುತ್ತೀಯಾ? ನಾಲ್ಕು ಜನ ನೋಡುತ್ತಾರೆಂದು ನಾಲಗೆ ಕಟ್ಟಿದರೆ ಅದು ಸಂಯಮವೇ?” ಎಂದರು. ನಾನೂ ನಕ್ಕು ಸುಮ್ಮನಾದೆ. ಆದರೆ ಪ್ರಶ್ನೆ ನನ್ನನ್ನು ಬಿಡಲಿಲ್ಲ. ಆತ್ಮಸಂಯಮವೆಂಬ ಮಾತಿನಲ್ಲೇ ‘ಆತ್ಮ’ವಿದೆ. ತನ್ನನ್ನು ತಾನು ಆಳಿಕೊಳ್ಳುವುದಕ್ಕೆ ಪರರ ಸಹಾಯ ಬೇಡುವುದು ಸೋಲಲ್ಲವೆ?

ಇಂಥ ಕೂಟಗಳಿಗೆ ಹೆಸರು ತಂದವಳು ಅಮೆರಿಕದ ಜೀನ್ ನೈಡೆಚ್ ಎಂಬ ಗೃಹಿಣಿ. ನ್ಯೂಯಾರ್ಕ್ ನಗರದ ಕ್ವೀನ್ಸ್ ಭಾಗದಲ್ಲಿ ಆಕೆಯ ಮನೆ. 1961ರಲ್ಲಿ ಆಕೆಯ ತೂಕ 214 ಪೌಂಡು, ಅಂದರೆ ಸುಮಾರು 97 ಕಿಲೋ. ಅಂಗಡಿಯಲ್ಲಿ ಸಿಕ್ಕ ಪರಿಚಿತಳೊಬ್ಬಳು ಅಕ್ಕರೆಯಿಂದಲೇ, ಹೆರಿಗೆ ಯಾವಾಗ ಎಂದು ಕೇಳಿದಳಂತೆ. ಜೀನ್ ಬಸುರಿಯಾಗಿರಲಿಲ್ಲ. ಆಕೆ ನಗರದ ಆರೋಗ್ಯ ಇಲಾಖೆಯವರು ನಡೆಸುತ್ತಿದ್ದ ಚಿಕಿತ್ಸಾಲಯಕ್ಕೆ ಹೋದಳು. ಅಲ್ಲಿ ಒಳ್ಳೆಯ ಆಹಾರಕ್ರಮವನ್ನೇ ಕೊಟ್ಟರು. ಆದರೆ ಆಕೆಗೊಂದು ಗುಟ್ಟಿತ್ತು: ಬಚ್ಚಲುಮನೆಯ ಮಾಸಿದ ಬಟ್ಟೆಯ ಬುಟ್ಟಿಯಲ್ಲಿ ಬಿಸ್ಕತ್ತು ಬಚ್ಚಿಟ್ಟು, ರಾತ್ರಿ ಯಾರೂ ಕಾಣದಂತೆ ತಿನ್ನುತ್ತಿದ್ದಳು. ಚಿಕಿತ್ಸಾಲಯದಲ್ಲಿ ಈ ಮಾತಿಗೆ ಬಾಯಿ ಬರಲಿಲ್ಲ. ಕೆಲವು ವಾರಗಳ ಮೇಲೆ ಆರು ಮಂದಿ ಗೆಳತಿಯರನ್ನು ಮನೆಗೆ ಕರೆದು ಅವರ ಮುಂದೆ ಹೇಳಿಬಿಟ್ಟಳು. ಗೆಳತಿಯರು ಹೀಗಳೆಯಲಿಲ್ಲ, ತಾವು ತಾವು ಬಚ್ಚಿಟ್ಟದ್ದನ್ನು ಒಬ್ಬೊಬ್ಬರಾಗಿ ಹೇಳತೊಡಗಿದರು. ಮುಂದಿನ ವರ್ಷದ ಹೊತ್ತಿಗೆ ಆಕೆ 72 ಪೌಂಡು ಇಳಿದಿದ್ದಳು. 1963ರಲ್ಲಿ ಆ ಕೂಟ ‘ವೇಯ್ಟ್ ವಾಚರ್ಸ್’ ಎಂಬ ಕಂಪನಿಯಾಯಿತು. 1978ರಲ್ಲಿ ಹೈಂಜ್ ಎಂಬ ಆಹಾರದ ಕಂಪನಿಯೇ ಅದನ್ನು ಕೊಂಡುಕೊಂಡಿತು. ವ್ಯಾಪಾರದ ಮಾತು ಅತ್ತ ಇರಲಿ. ನನ್ನ ಮನಸ್ಸು ನಿಂತದ್ದು ಆ ಬಟ್ಟೆಯ ಬುಟ್ಟಿಯ ಹತ್ತಿರ. ಏನು ತಿನ್ನಬೇಕೆಂಬುದು ಆಕೆಗೆ ಮೊದಲೇ ತಿಳಿದಿತ್ತು. ತಿಂದದ್ದನ್ನು ನಾಚಿಕೆಯಿಲ್ಲದೆ ಹೇಳಿಕೊಳ್ಳುವುದಕ್ಕೆ ಒಂದು ಜಾಗ ಇರಲಿಲ್ಲ, ಅಷ್ಟೆ.

ಈಗ ನಮ್ಮ ಕೂಟಕ್ಕೆ ಬರುತ್ತೇನೆ. ಮೊದಲ ತಿಂಗಳು ಉತ್ಸಾಹವೋ ಉತ್ಸಾಹ. ಗಣಿತದ ಮೇಷ್ಟ್ರು ಮೂರು ಕಿಲೋ ಇಳಿದರು, ನಾನು ಎರಡು. ಇತಿಹಾಸದ ಅಧ್ಯಾಪಿಕೆಯವರ ಅಂಕಿ ಮಾತ್ರ ಕದಲಲಿಲ್ಲ. ಮೂರು ವಾರ ಸಾಲಾಗಿ ಅವರೇ ಕಾಫಿ ಕೊಡಿಸಿದರು. “ಮೇಡಂ ಇರುವವರೆಗೆ ನಮ್ಮ ಕಾಫಿಗೆ ಬರವಿಲ್ಲ” ಎಂದು ನಾನು ಹಾಸ್ಯ ಮಾಡಿದೆ. ಎಲ್ಲರೂ ನಕ್ಕರು, ಅವರೂ ನಕ್ಕರು. ಮುಂದಿನ ಸೋಮವಾರ ಅವರಿಗೆ ಬೇರೆ ಕೆಲಸವಿತ್ತು. ಅದರ ಮುಂದಿನ ಸೋಮವಾರವೂ ಇತ್ತು.

ಒಂದು ದಿನ ಮೆಟ್ಟಿಲ ಬಳಿ ಸಿಕ್ಕಾಗ ನಾನೇ ಕೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, “ಭಾನುವಾರ ಇಡೀ ಉಪವಾಸ ಇರ್ತಿದ್ದೆ ಸಾರ್, ನೀರೂ ಕುಡೀತಿರಲಿಲ್ಲ. ಸೋಮವಾರ ರಾತ್ರಿ ಮನೆಯವರು ಮಲಗಿದ ಮೇಲೆ ಅಡುಗೆಮನೇಲಿ ನಿಂತುಕೊಂಡೇ ತಿಂತಿದ್ದೆ. ಮೊದಲು ಈ ಅಭ್ಯಾಸ ನನಗಿರಲಿಲ್ಲ” ಎಂದರು.

ಆ ಮಾತು ನನ್ನನ್ನು ಇರಿಯಿತು. ಏಕೆಂದರೆ ನಾನೂ ಸಾಚಾ ಅಲ್ಲ. ತೂಕ ನೋಡುವ ಮುನ್ನ ಕೈಗಡಿಯಾರ, ಬೀಗದಕೈ ತೆಗೆದಿಡುತ್ತಿದ್ದೆ. ತಂಗಿಯ ಮನೆಯ ಗೃಹಪ್ರವೇಶದಲ್ಲಿ ತುಪ್ಪ ಹಾಕಿಸಿಕೊಂಡು ನಾಲ್ಕು ಹೋಳಿಗೆ ಉಂಡವನು, ಕೂಟದಲ್ಲಿ ಒಂದೇ ಎಂದು ಹೇಳಿದ್ದೆ. ಜೀನ್ ಗೆಳತಿಯರನ್ನು ಕೂಡಿಸಿದ್ದು ಗುಟ್ಟನ್ನು ಹೊರಗೆ ಹಾಕುವುದಕ್ಕೆ; ನಾನು ಕೂಡಿಸಿದ ಕೂಟ ಗುಟ್ಟಿಲ್ಲದವರಿಗೂ ಒಂದು ಗುಟ್ಟನ್ನು ಕೊಟ್ಟಿತ್ತು.

ಹಿರಿಯರ ಪ್ರಶ್ನೆಗೆ ಉತ್ತರ ನನಗೆ ಇಲ್ಲಿ ಕಂಡಿತು. ನಾಲ್ವರ ಕಣ್ಣಿಗೆ ಹೆದರಿ ನಾಲಗೆ ಕಟ್ಟುವುದು ಸಂಯಮವಲ್ಲ. ಅವರು ಹೇಳಿದ್ದು ನಿಜ. ಕಣ್ಣು ಮರೆಯಾದ ಕೂಡಲೇ ಆ ಕಟ್ಟು ಬಿಚ್ಚಿಹೋಗುತ್ತದೆ. ಆದರೆ ನಾಲ್ವರಿಗೆ ಕಣ್ಣು ಮಾತ್ರವಲ್ಲ, ಕಿವಿಯೂ ಇದೆ. ನನ್ನ ಸೋಲನ್ನು ಕೇಳಿಯೂ ನನ್ನನ್ನು ಕೀಳೆಂದು ಎಣಿಸದವರ ಎದುರು ನಾನು ನಿಜ ಹೇಳಬಲ್ಲೆ. ಹಾಗೆ ಹೇಳುವಾಗ ಆ ಮಾತನ್ನು ಮೊದಲು ಕೇಳುವವನು ನಾನೇ. ಅಲ್ಲಿಂದ ಹುಟ್ಟುವ ನಿರ್ಧಾರ ಸಾಲದ ನಿರ್ಧಾರವಲ್ಲ, ಸ್ವಂತದ್ದು. ಊರುಗೋಲು ಹಿಡಿದು ನಡೆದವನ ನಡಿಗೆ ಅವನದೇ ಅಲ್ಲವೆ?

ಇನ್ನೊಂದು ಮಾತು. ತೂಕದ ಅಂಕಿಯನ್ನು ನಾವು ಗುಣದ ಅಂಕಿಯೆಂದು ಓದುತ್ತೇವೆ. ಇಳಿದವನು ಶೂರ, ಇಳಿಯದವನು ಹೊಟ್ಟೆಬಾಕ. ದೇಹ ಅಷ್ಟು ಸರಳವಲ್ಲ. ತೂಕ ಇಳಿಯತೊಡಗಿದರೆ ಹಸಿವು ಹೆಚ್ಚುತ್ತದೆ, ದೇಹ ತನ್ನ ಖರ್ಚನ್ನು ತಗ್ಗಿಸಿಕೊಳ್ಳುತ್ತದೆ. ವಂಶ, ಥೈರಾಯ್ಡಿನ ತೊಂದರೆ, ಕೆಲವು ಔಷಧಗಳು, ನಿದ್ದೆಗೆಟ್ಟ ರಾತ್ರಿಗಳು ಎಲ್ಲವೂ ಯಂತ್ರದ ಮುಳ್ಳನ್ನು ತಳ್ಳುತ್ತವೆ. ಒಂದೇ ಊಟ ಉಂಡ ಇಬ್ಬರು ಒಂದೇ ಸಮ ಇಳಿಯುವುದಿಲ್ಲ. ಹೀಗಿರುವಾಗ ಪಂದ್ಯ ಹೂಡಿ ಕಾಫಿಯ ದಂಡ ಹಾಕಿದ್ದು ಅನ್ಯಾಯವೇ ಸರಿ.

ಆ ವಾರ ಪಟ್ಟಿಯನ್ನು ಗೋಡೆಯಿಂದ ತೆಗೆದೆ. ಸೋಮವಾರ ಎಲ್ಲರ ಮುಂದೆ ನಾಲ್ಕು ಹೋಳಿಗೆಯ ಕಥೆಯನ್ನು ಹೇಳಿದೆ. ಗಣಿತದ ಮೇಷ್ಟ್ರು ಬಹಳ ಹೊತ್ತು ಕಿಟಕಿಯ ಕಡೆ ನೋಡಿ, ತಮ್ಮ ಮೇಜಿನ ಡ್ರಾಯರು ಎಳೆದರು. ಒಳಗೆ ಅರ್ಧ ಖಾಲಿಯಾದ ಚಕ್ಕುಲಿಯ ಪೊಟ್ಟಣವಿತ್ತು.

ಇತಿಹಾಸದ ಅಧ್ಯಾಪಿಕೆಯವರು ಎರಡು ವಾರದ ಮೇಲೆ ಬಂದರು. “ನಾನು ಯಂತ್ರ ಹತ್ತೋದಿಲ್ಲ, ಸುಮ್ಮನೆ ಕೂತಿರ್ತೀನಿ” ಎಂದರು. ಕೂತರು. ಆ ದಿನದ ಕಾಫಿಯನ್ನು ನಾನು ಕೊಡಿಸಿದೆ.